ಒಂದೇ ಅಂಗಿ, 25 ಸೀಸನ್: ಮಿಲಾನ್‌ನಲ್ಲಿ ಒಂದು ಶನಿವಾರ

ಮಿಲಾನ್‌ಗೆ ಹೋದವರೆಲ್ಲ ಮೊದಲು ನೋಡೋದು ದುವೊಮೊ ಕೆಥೆಡ್ರಲ್. ನಾನೂ ನೋಡಿದೆ, ಮುಂದೆ ನಿಂತು ಸೆಲ್ಫಿನೂ ತಗೊಂಡೆ. ಆದ್ರೆ ನಿಜ ಹೇಳ್ಬೇಕಂದ್ರೆ, ಆಫೀಸ್ ಕೆಲಸದ ಮೇಲೆ ಮೂರು ವಾರ ಮಿಲಾನ್ ಅಂತ ಗೊತ್ತಾದ ದಿನ ನಾನು ಮ್ಯಾಪ್‌ನಲ್ಲಿ ಹುಡುಕಿದ್ದು ಬೇರೆ ಜಾಗ. ಸಾನ್ ಸಿರೊ ಫುಟ್‌ಬಾಲ್ ಸ್ಟೇಡಿಯಂ. ಮನೆಯವರೆಲ್ಲ ಮಲಗಿದ ಮೇಲೆ ಟಿವಿ ಸೌಂಡ್ ಕಮ್ಮಿ ಮಾಡ್ಕೊಂಡು ಚಾಂಪಿಯನ್ಸ್ ಲೀಗ್ ನೋಡಿ ಬೆಳೆದವರಿಗೆ ಇದು ಅರ್ಥ ಆಗುತ್ತೆ.

ಇನ್ನೊಂದು ವಿಷಯ. ಆ ವಾರ ನನ್ನ ಮೇಲ್‌ಬಾಕ್ಸಿನಲ್ಲಿ ಒಂದು ಆಫರ್ ಲೆಟರ್ ಕೂತಿತ್ತು. ನಾನು ಒಂದೇ ಕಂಪನಿಯಲ್ಲಿ ಏಳು ವರ್ಷ ಮುಗಿಸಿದ್ದೇನೆ. ನನ್ನ ಜತೆ ಸೇರಿದವರೆಲ್ಲ ಮೂರು ಕಡೆ, ನಾಲ್ಕು ಕಡೆ ಹಾರಿ ಆಗಿದೆ. "ಇನ್ನೂ ಅಲ್ಲೇ ಇದೀಯಾ?" ಅಂತ ಯಾರಾದ್ರೂ ಕೇಳಿದಾಗ ಏನೋ ತಪ್ಪು ಮಾಡಿದೀನಿ ಅನ್ನಿಸುತ್ತೆ. ಫೋನಿನ ನೋಟ್ಸ್‌ನಲ್ಲಿ ಎರಡು ಪಟ್ಟಿ ಮಾಡಿಟ್ಟಿದ್ದೆ: ಇರೋದಕ್ಕೆ ಕಾರಣ, ಬಿಡೋದಕ್ಕೆ ಕಾರಣ. ಸೋಮವಾರದೊಳಗೆ ಉತ್ತರ ಕೊಡಬೇಕಿತ್ತು. ಶನಿವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಮುಚ್ಚಿ ಮೆಟ್ರೋ ಹತ್ತಿದೆ.

ಮೆಟ್ರೋ ಇಳಿದ ಕೂಡಲೇ

ದುವೊಮೊದಿಂದ ಕೆಂಪು ಲೈನು. ಲೊಟ್ಟೊ ಅನ್ನೋ ಸ್ಟೇಷನ್ನಿನಲ್ಲಿ ಇಳಿದು ನೇರಳೆ ಬಣ್ಣದ ಐದನೇ ಲೈನಿಗೆ ಬದಲಾಯಿಸ್ಕೋಬೇಕು. ಇದರಲ್ಲಿ ಡ್ರೈವರ್ ಇಲ್ಲ, ಹಾಗಾಗಿ ಮುಂದಿನ ಗಾಜಿನ ಹತ್ತಿರ ಮಕ್ಕಳ ಜತೆ ನಾನೂ ಜಾಗ ಹಿಡಿದೆ. ಕೊನೆಯ ನಿಲ್ದಾಣವೇ ಸ್ಟೇಡಿಯಂ.

ಮೇಲೆ ಬಂದರೆ ಎದುರಿಗೇ ಆ ಕಟ್ಟಡ. ಸುತ್ತಲೂ ಕಾಂಕ್ರೀಟಿನ 11 ದುಂಡನೆ ಗೋಪುರಗಳು, ನೆತ್ತಿಯ ಮೇಲೆ ದೈತ್ಯ ಗಾತ್ರದ ಕೆಂಪು ಉಕ್ಕಿನ ತೊಲೆಗಳು. ದೂರದಿಂದ ನೋಡಿದರೆ ಫ್ಯಾಕ್ಟರಿಯೋ, ಬೇರೆ ಗ್ರಹದಿಂದ ಬಂದಿಳಿದ ಹಡಗೋ ಅಂತ ಅನುಮಾನ ಬರಬೇಕು. ಈ ಗೋಪುರಗಳೂ ಮೂರನೇ ಅಂತಸ್ತೂ ಬಂದಿದ್ದು 1990ರ ವಿಶ್ವಕಪ್‌ಗಾಗಿ. ಮೂಲ ಸ್ಟೇಡಿಯಂ ಇನ್ನೂ ಹಳೇದು, 1926ರದ್ದು. ಆಗ ಎ.ಸಿ. ಮಿಲಾನ್ ಕ್ಲಬ್ಬಿನ ಅಧ್ಯಕ್ಷರಾಗಿದ್ದ ಪಿಯೆರೊ ಪಿರೆಲ್ಲಿ ಕಟ್ಟಿಸಿದ್ದು. ಉದ್ಘಾಟನೆಯ ಪಂದ್ಯದಲ್ಲಿ ಊರಿನ ಇನ್ನೊಂದು ಕ್ಲಬ್ ಇಂಟರ್ ಬಂದು 6-3ರಿಂದ ಗೆದ್ದು ಹೋಯಿತು. ಗೃಹಪ್ರವೇಶದ ದಿನವೇ ಎದುರು ಮನೆಯವರು ಬಂದು ಊಟ ಖಾಲಿ ಮಾಡಿ ಹೋದ ಹಾಗೆ! ಮುಂದೆ 1947ರಿಂದ ಇಂಟರ್‌ಗೂ ಇದೇ ಮನೆ. ಇವತ್ತಿಗೂ ಎರಡೂ ಕ್ಲಬ್ಬು ಒಂದೇ ಮೈದಾನದಲ್ಲಿ ಸಂಸಾರ ಮಾಡ್ತಿವೆ.

ಹಿಮ ಬಿದ್ದ ಆ ಜನವರಿ

ನಾನು ಹೋಗಿದ್ದು ಒಬ್ಬರ ನೆನಪಿಗಾಗಿ: ಪಾವ್ಲೊ ಮಾಲ್ಡಿನಿ.

1985ರ ಜನವರಿಯಲ್ಲಿ ಮಿಲಾನ್‌ನಲ್ಲಿ ಹಿಂದೆಂದೂ ಕಾಣದಂಥ ಹಿಮ ಬಿತ್ತು. ಈ ಸ್ಟೇಡಿಯಂ ಪಕ್ಕದಲ್ಲೇ ಒಂದು ದೊಡ್ಡ ಒಳಾಂಗಣ ಕ್ರೀಡಾಂಗಣ ಇತ್ತಂತೆ, ಹಿಮದ ಭಾರಕ್ಕೆ ಅದರ ಚಾವಣಿ ಕುಸಿಯಿತು, ಮತ್ತೆ ಎದ್ದೇಳಲಿಲ್ಲ. ಅದಾದ ಕೆಲವೇ ದಿನಕ್ಕೆ, ಜನವರಿ 20ರಂದು, ಮಿಲಾನ್ ತಂಡ ಉದಿನೆ ಊರಿನಲ್ಲಿ ಆಡ್ತಿತ್ತು. ಒಬ್ಬ ಆಟಗಾರನಿಗೆ ಪೆಟ್ಟಾಯಿತು. ಕೋಚ್ ನಿಲ್ಸ್ ಲೀಡ್‌ಹೋಮ್ ಬೆಂಚ್ ಕಡೆ ತಿರುಗಿ 16 ವರ್ಷದ ಹುಡುಗನೊಬ್ಬನನ್ನು ಇಳಿಸಿದರು.

ಹುಡುಗನ ಸರ್‌ನೇಮ್ ಎಲ್ಲರಿಗೂ ಗೊತ್ತಿತ್ತು. ಅಪ್ಪ ಚೆಸಾರೆ ಮಾಲ್ಡಿನಿ ಮಿಲಾನ್‌ನ ಹಳೇ ಕ್ಯಾಪ್ಟನ್. 1963ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಕ್ಲಬ್ಬಿನ ಮೊದಲ ಯುರೋಪಿಯನ್ ಕಪ್ ಎತ್ತಿದವರು. ಕೋಚ್ ಲೀಡ್‌ಹೋಮ್ ಒಂದು ಕಾಲಕ್ಕೆ ಅದೇ ಅಪ್ಪನ ಜತೆ ಆಡಿದವರು. "ಅಪ್ಪನ ಹೆಸರಲ್ಲಿ ಬಂದವನು" ಅನ್ನೋ ಮಾತು ಎಲ್ಲಾ ಕಡೆ ಹೇಗೆ ಹುಟ್ಟುತ್ತೆ ಅಂತ ನಿಮಗೆ ಗೊತ್ತು. ಅದಕ್ಕೆ ಹುಡುಗ ಕೊಟ್ಟ ಉತ್ತರ ಮುಂದಿನ 25 ಸೀಸನ್. ಬೇರೆ ಯಾವ ಕ್ಲಬ್ಬಿನ ಅಂಗಿಯನ್ನೂ ತೊಡದೆ, ಮಿಲಾನ್ ಪರವಾಗಿ 902 ಪಂದ್ಯ.

ಏನೂ ಆಗದ ಹಾಗೆ ನೋಡ್ಕೊಳ್ಳೋ ಕೆಲಸ

ಸ್ಟೇಡಿಯಂ ಟೂರ್‌ನಲ್ಲಿ ಡ್ರೆಸಿಂಗ್ ರೂಮ್ ತೋರಿಸಿ, ಆಟಗಾರರು ಬರೋ ದಾರಿಯಲ್ಲೇ ಮೈದಾನದ ಅಂಚಿಗೆ ಕರ್ಕೊಂಡು ಹೋಗ್ತಾರೆ. ಸುತ್ತ ಓಟದ ಟ್ರ್ಯಾಕ್ ಇಲ್ಲದ್ದರಿಂದ ಪ್ರೇಕ್ಷಕರ ಸೀಟು ಮೈಮೇಲೇ ಬಂದ ಹಾಗಿವೆ. ನಾನು ಎಡಗಡೆಯ ಗೆರೆ ಹತ್ತಿರ ನಿಂತೆ. ಲೆಫ್ಟ್ ಬ್ಯಾಕ್ ಓಡಾಡೋ ಜಾಗ.

ಮಾಲ್ಡಿನಿ ಹುಟ್ಟಾ ಬಲಗಾಲಿನವರು. ಆದ್ರೂ ಹೆಸರು ಮಾಡಿದ್ದು ಎಡಗಡೆ. 1987ರಲ್ಲಿ ಅರ್ರಿಗೊ ಸಾಕಿ ಕೋಚ್ ಆಗಿ ಬಂದಾಗ ಚೆಂಡೇ ಇಲ್ಲದೆ ಪ್ರಾಕ್ಟೀಸ್ ಮಾಡಿಸ್ತಿದ್ದರು. ಇಲ್ಲದ ಚೆಂಡು ಎಲ್ಲಿದೆ ಅಂತ ಅವರು ಹೇಳ್ತಾ ಹೋದ ಹಾಗೆ ಇಡೀ ತಂಡ ಸಾಲು ಕೆಡದೆ ಸರಿಯಬೇಕು. ತಸ್ಸೊತ್ತಿ, ಕೊಸ್ತಕುರ್ತ, ಬರೇಸಿ, ಮಾಲ್ಡಿನಿ. ಈ ನಾಲ್ವರ ಸಾಲು ಹಗ್ಗ ಕಟ್ಟಿದ ಹಾಗೆ ಹಿಂದೆ ಮುಂದೆ ಹೋಗ್ತಿತ್ತು. ಸಾಕಿ ನಂತರ ಫಾಬಿಯೊ ಕಪೆಲ್ಲೊ ಕಾಲದಲ್ಲಿ ಇದೇ ಮಿಲಾನ್ ಇಟಲಿಯ ಲೀಗ್‌ನಲ್ಲಿ ಸತತ 58 ಪಂದ್ಯ ಸೋಲಲಿಲ್ಲ.

ಗೋಲ್ ಹೊಡೆಯೋನ ಕೆಲಸ ಎಲ್ಲರ ಕಣ್ಣಿಗೂ ಬೀಳುತ್ತೆ. ಡಿಫೆಂಡರ್ ಕೆಲಸ ಚೆನ್ನಾಗಿ ನಡೆದರೆ ಏನೂ ಆಗೋದಿಲ್ಲ, ಅಷ್ಟೇ. ರಾತ್ರಿ ಆನ್-ಕಾಲ್ ಡ್ಯೂಟಿ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ಸರ್ವರ್ ಬೀಳದ ರಾತ್ರಿಗೆ ಯಾರೂ ಥ್ಯಾಂಕ್ಸ್ ಹೇಳಲ್ಲ. ಹಳೇ ವಿಡಿಯೋಗಳಲ್ಲಿ ಮಾಲ್ಡಿನಿಯನ್ನು ನೋಡಿ: ಜಾರಿ ಬಿದ್ದು ಚೆಂಡು ಕಸಿಯೋದಕ್ಕಿಂತ ಹೆಚ್ಚಾಗಿ, ಎದುರಾಳಿ ಬರುವ ಮುಂಚೆಯೇ ಸರಿಯಾದ ಜಾಗದಲ್ಲಿ ನಿಂತಿರ್ತಾರೆ.

ಇನ್ನೊಂದು ಸಂಗತಿ. ಅಂಗಿ ಒಂದೇ ಆದ್ರೂ ಕೆಲಸ ಒಂದೇ ಆಗಿರಲಿಲ್ಲ. 1994ರ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಬರೇಸಿ, ಕೊಸ್ತಕುರ್ತ ಇಬ್ಬರೂ ನಿಷೇಧದಿಂದಾಗಿ ಇರಲಿಲ್ಲ. ಮಾಲ್ಡಿನಿ ಮಧ್ಯಕ್ಕೆ ಬಂದು ನಿಂತರು. ಎದುರಿಗೆ ಬಾರ್ಸಿಲೋನಾ. ಮಿಲಾನ್ 4-0. ಕಾಲಿನ ವೇಗ ಕಮ್ಮಿಯಾದ ಮೇಲೆ ಆ ಮಧ್ಯದ ಜಾಗವೇ ಅವರ ಕಾಯಂ ಜಾಗ ಆಯಿತು. 2003ರಲ್ಲಿ ಕ್ಯಾಪ್ಟನ್ ಆಗಿ ಮ್ಯಾಂಚೆಸ್ಟರ್‌ನಲ್ಲಿ ಕಪ್ ಎತ್ತಿದರು. ಅಪ್ಪ ಎತ್ತಿ ಸರಿಯಾಗಿ 40 ವರ್ಷ, ಅದೂ ಇಂಗ್ಲೆಂಡಿನ ನೆಲದಲ್ಲೇ. 2007ರಲ್ಲಿ ಇನ್ನೊಂದು, ಆಗ 39 ತುಂಬೋಕೆ ಒಂದೇ ತಿಂಗಳು ಬಾಕಿ. ಒಟ್ಟು ಐದು ಯುರೋಪಿಯನ್ ಕಪ್, ಏಳು ಇಟಲಿ ಲೀಗ್.

ಸಿಗದೇ ಹೋಗಿದ್ದು

ಆದ್ರೆ ಈ ಕಥೆ ಬರೀ ಟ್ರೋಫಿ ಲೆಕ್ಕ ಆಗಿದ್ರೆ ನಾನು ಇಷ್ಟು ದೂರ ಬರ್ತಿರಲಿಲ್ಲ. ಇಟಲಿ ಪರವಾಗಿ 126 ಪಂದ್ಯ, ನಾಲ್ಕು ವಿಶ್ವಕಪ್. 1990ರಲ್ಲಿ ತವರಿನಲ್ಲೇ ಮೂರನೇ ಸ್ಥಾನ. 1994ರಲ್ಲಿ ಫೈನಲ್, ಪೆನಾಲ್ಟಿಯಲ್ಲಿ ಸೋಲು. 1998ರಲ್ಲಿ ಅಪ್ಪನೇ ಕೋಚ್, ಮಗನೇ ಕ್ಯಾಪ್ಟನ್, ಮತ್ತೆ ಪೆನಾಲ್ಟಿಯಲ್ಲೇ ಸೋಲು. 2002ರಲ್ಲಿ ದಕ್ಷಿಣ ಕೊರಿಯಾದ ಆಟಗಾರ ಇವರನ್ನೇ ಮೀರಿ ಜಿಗಿದು ತಲೆಯಿಂದ ಹೊಡೆದ ಗೋಲಿನಿಂದ ಇಟಲಿ ಮನೆಗೆ ಬಂತು. ಅಲ್ಲಿಗೆ ರಾಷ್ಟ್ರೀಯ ತಂಡಕ್ಕೆ ವಿದಾಯ. ನಾಲ್ಕು ವರ್ಷಕ್ಕೆ, 2006ರಲ್ಲಿ, ಇಟಲಿ ವಿಶ್ವಕಪ್ ಗೆದ್ದಿತು. ಇವರಿಲ್ಲದೆ.

2005ರ ಇಸ್ತಾಂಬುಲ್ ಫೈನಲ್ ನೆನಪಿದೆಯಾ? ಮೊದಲ ನಿಮಿಷದೊಳಗೇ ಗೋಲ್ ಹೊಡೆದಿದ್ದು ಮಾಲ್ಡಿನಿ. ಅರ್ಧ ಆಟಕ್ಕೆ 3-0. ಆಮೇಲೆ ಲಿವರ್‌ಪೂಲ್ ಮೂರೂ ಗೋಲ್ ತೀರಿಸಿ ಪೆನಾಲ್ಟಿಯಲ್ಲಿ ಗೆದ್ದು ಹೋಯಿತು. ಆ ಸೋಲಿನ ನಂತರ ಮಿಲಾನ್‌ನ ಕಟ್ಟಾ ಅಭಿಮಾನಿಗಳ ಗುಂಪಿಗೂ ಕ್ಯಾಪ್ಟನ್‌ಗೂ ಮಾತಿಗೆ ಮಾತು ಬೆಳೆಯಿತು.

ಮೇ 24, 2009

ಮೈದಾನದ ಅಂಚಿನಲ್ಲಿ ನಿಂತು ನಾನು ಹುಡುಕಿದ್ದು ಗೋಲಿನ ಹಿಂದಿನ ಗ್ಯಾಲರಿ, ಕುರ್ವಾ ಸೂದ್. ಅಂದ್ರೆ ದಕ್ಷಿಣದ ತಿರುವು. ಮಿಲಾನ್‌ನ ಕಟ್ಟಾ ಅಭಿಮಾನಿಗಳ ಜಾಗ.

2009ರ ಮೇ 24ರಂದು ಮಾಲ್ಡಿನಿ ಇಲ್ಲಿ ಕೊನೆಯ ಸಲ ಆಡಿದರು. ರೋಮಾ ಎದುರು 3-2ರಿಂದ ಸೋತ ಪಂದ್ಯ. ಮುಗಿದ ಮೇಲೆ ಮೈದಾನಕ್ಕೆ ಒಂದು ಸುತ್ತು ಬಂದರು. ಇಡೀ ಸ್ಟೇಡಿಯಂ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕುರ್ವಾ ಸೂದ್ ಎದುರಿಗೆ ಬಂದಾಗ ಕೇಳಿಸಿದ್ದು ಸಿಳ್ಳೆ. ನಮ್ಮಲ್ಲಿ ಸಿಳ್ಳೆ ಅಂದ್ರೆ ಖುಷಿ. ಅಲ್ಲಿ ಸಿಳ್ಳೆ ಅಂದ್ರೆ ಧಿಕ್ಕಾರ. ಕ್ಯಾಪ್ಟನ್ ಅಂದ್ರೆ ಒಬ್ಬನೇ ಅನ್ನೋ ಅರ್ಥದಲ್ಲಿ, ಹಿಂದಿನ ಕ್ಯಾಪ್ಟನ್ ಬರೇಸಿಯ 6ನೇ ನಂಬರಿನ ದೊಡ್ಡ ಅಂಗಿಯನ್ನು ಹರಡಿ ತೋರಿಸಿದರು. ನಮಗೆ ಮರ್ಯಾದೆ ಕೊಡಲಿಲ್ಲ ಅನ್ನೋ ಬ್ಯಾನರ್ ಬೇರೆ. 25 ಸೀಸನ್ ದುಡಿದ ಮನೆಯಲ್ಲಿ, ಕೊನೆಯ ದಿನ!

ಮಾಲ್ಡಿನಿ ಕ್ಷಮೆ ಕೇಳಲಿಲ್ಲ, ಅಳಲೂ ಇಲ್ಲ. ಆ ಗುಂಪಿನವರಲ್ಲಿ ತಾನೂ ಒಬ್ಬ ಅಲ್ಲ ಅನ್ನೋದಕ್ಕೆ ಹೆಮ್ಮೆ ಇದೆ ಅಂತ ಹೇಳಿ ಮುಗಿಸಿದರು. ಒಂದು ವಾರಕ್ಕೆ ಫ್ಲಾರೆನ್ಸ್‌ನಲ್ಲಿ ನಿಜವಾದ ಕೊನೆಯ ಪಂದ್ಯ. ಅದು ಎದುರಾಳಿಗಳ ಊರು. ಅಲ್ಲಿನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿ ಕಳಿಸಿಕೊಟ್ಟರು.

ಕಥೆ ಅಲ್ಲಿಗೇ ನಿಲ್ಲಲಿಲ್ಲ. 2018ರಲ್ಲಿ ಅದೇ ಕ್ಲಬ್ಬಿಗೆ ಅಧಿಕಾರಿಯಾಗಿ ವಾಪಸ್ ಬಂದರು. ಅವರು ಕಟ್ಟಿದ ಯುವ ತಂಡ 2022ರಲ್ಲಿ 11 ವರ್ಷದ ಮೇಲೆ ಲೀಗ್ ಗೆದ್ದಿತು. ಆ ತಂಡದಲ್ಲಿ ಮಗ ಡ್ಯಾನಿಯಲ್ ಕೂಡ ಇದ್ದ. ಮರುವರ್ಷ, 2023ರ ಜೂನ್‌ನಲ್ಲಿ, ಕ್ಲಬ್ ಅವರನ್ನು ಕೆಲಸದಿಂದ ತೆಗೆಯಿತು. 2024ರ ಅಕ್ಟೋಬರ್‌ನಲ್ಲಿ ಡ್ಯಾನಿಯಲ್ ಇಟಲಿ ಪರ ಆಡಿದ. ಅಜ್ಜ, ಅಪ್ಪ, ಮೊಮ್ಮಗ: ಮೂರು ತಲೆಮಾರು.

ವಾಪಸ್ ಮೆಟ್ರೋದಲ್ಲಿ

ಹೊರಗೆ ಬಂದು ಗೋಪುರದ ನೆರಳಲ್ಲಿ ಕೂತು ನೋಟ್ಸ್ ತೆಗೆದೆ. "ಇರೋದಕ್ಕೆ ಕಾರಣ" ಪಟ್ಟಿಯಲ್ಲಿ ಮೊದಲನೇದೇ ಹೀಗಿತ್ತು: ಇಷ್ಟು ವರ್ಷ ದುಡಿದಿದ್ದೇನೆ, ಕಂಪನಿ ನೆನಪಿಟ್ಟುಕೊಳ್ಳುತ್ತೆ. ಅಳಿಸಿದೆ. 902 ಪಂದ್ಯ ಆಡಿದವರಿಗೇ ಆ ಗ್ಯಾರಂಟಿ ಸಿಗಲಿಲ್ಲ. "ಬಿಡೋದಕ್ಕೆ ಕಾರಣ" ಪಟ್ಟಿಯಲ್ಲಿ ಮೊದಲನೇದು: ಒಂದೇ ಕಡೆ ಇದ್ರೆ ಬೆಳೆಯೋಕಾಗಲ್ಲ. ಅದನ್ನೂ ಅಳಿಸಿದೆ. ಬಲಗಾಲಿನವರು ಎಡಗಡೆ ಆಡಿ, ಆಮೇಲೆ ಮಧ್ಯಕ್ಕೆ ಬಂದಿದ್ದು ಒಂದೇ ಅಂಗಿಯಲ್ಲಿ.

ಎರಡೂ ಕಡೆ ಉಳಿದಿದ್ದು ಸಣ್ಣ ಸಣ್ಣ ಸಾಲು. ಸಂಬಳ, ಮನೆಯಿಂದ ದೂರ, ಜತೆಗಿರೋ ಟೀಮು, ಬೆಳಿಗ್ಗೆ ಎದ್ದಾಗ ಈ ಕೆಲಸ ಮಾಡ್ಬೇಕು ಅನ್ನಿಸುತ್ತಾ ಇಲ್ವಾ ಅನ್ನೋದು. ಈ ಕೊನೆಯ ಸಾಲಿನ ಮುಂದೆ "ಹೌದು" ಅಂತ ಬರೆಯೋಕೆ ನನಗೆ ಜಾಸ್ತಿ ಹೊತ್ತು ಹಿಡೀಲಿಲ್ಲ. ಆಫರ್ ಕಳಿಸಿದವರಿಗೆ ಮೆಟ್ರೋದಲ್ಲೇ ಕೂತು ನಾಲ್ಕು ಸಾಲಿನ ಧನ್ಯವಾದ ಬರೆದೆ. ನಿಮ್ಮ ಪಟ್ಟಿಯಲ್ಲಿ ಆ ಸಾಲಿಗೆ "ಇಲ್ಲ" ಅಂತ ಬಂದ್ರೆ ಖಂಡಿತ ಹೊರಡಿ, ಅದರಲ್ಲೂ ತಪ್ಪೇನಿಲ್ಲ.

ಮಿಲಾನ್‌ಗೆ ಹೋಗೋರಿಗೆ ಒಂದು ಮಾತು. ಸ್ಟೇಡಿಯಂ ನೋಡೋದನ್ನ ಮುಂದೂಡಬೇಡಿ. ಇದನ್ನು ಎರಡೂ ಕ್ಲಬ್ಬುಗಳಿಗೆ ಮಾರೋದಕ್ಕೆ 2025ರಲ್ಲಿ ಮಿಲಾನ್ ನಗರಸಭೆ ಒಪ್ಪಿದೆ. ಪಕ್ಕದಲ್ಲೇ ಹೊಸದು ಕಟ್ಟಿ, ಹಳೆಯದರ ಬಹುಭಾಗವನ್ನು ಕೆಡವೋ ಯೋಜನೆ ಇದೆ. ಪಂದ್ಯ ಇರುವ ದಿನ ಟೂರ್ ಸಮಯ ಬದಲಾಗುತ್ತೆ, ಮೊದಲೇ ನೋಡ್ಕೊಂಡು ಹೋಗಿ. ಒಳಗೆ ಹೋದ ಮೇಲೆ ಒಂದೈದು ನಿಮಿಷ ಎಡಗಡೆಯ ಗೆರೆ ಹತ್ತಿರ ನಿಂತ್ಕೊಳ್ಳಿ. ಅಲ್ಲಿ ನೋಡೋಕೆ ವಿಶೇಷ ಏನೂ ಇಲ್ಲ, ಬರೀ ಹುಲ್ಲು. ಆ 3ನೇ ನಂಬರಿನ ಅಂಗಿಯನ್ನು ಮಿಲಾನ್ ಬೇರೆ ಯಾರಿಗೂ ಕೊಡೋದಿಲ್ಲ. ಮಾಲ್ಡಿನಿ ಮಕ್ಕಳಿಗೆ ಮಾತ್ರ ಅಂತ ಎತ್ತಿಟ್ಟಿದೆ.