ನಾನು ಕತ್ತರಿಸಿದ ಪ್ಯಾರಾ

2010ರ ಮೇ ತಿಂಗಳಲ್ಲಿ ಸಂಪಾದಕೀಯ ಪುಟಕ್ಕೆ ನಾನು ಬರೆದ ಒಂದು ಲೇಖನವನ್ನು ಈಗಲೂ ಕೆಲವರು ನೆನೆಸಿಕೊಂಡು ಹೊಗಳುತ್ತಾರೆ. ಭಾಷೆ ಚೆನ್ನಾಗಿತ್ತು, ವಾದ ಬಿಗಿಯಾಗಿತ್ತು ಅಂತ. ಇತ್ತು, ಇಲ್ಲ ಅನ್ನುವುದಿಲ್ಲ. ಅಷ್ಟು ಬಿಗಿಯಾಗಿದ್ದದ್ದೇ ಎಡವಟ್ಟು.

ವಿಷಯ ಅಮೆರಿಕದ್ದು. ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್ ಎಂಬ ಊರಿನ ಕಣ್ಣಿನ ಡಾಕ್ಟರ್ ರ‍್ಯಾಂಡ್ ಪಾಲ್ ಅದುವರೆಗೆ ಯಾವ ಅಧಿಕಾರದಲ್ಲೂ ಕೂತವರಲ್ಲ. ಅಪ್ಪ ರಾನ್ ಪಾಲ್ ಹಳೇ ರಾಜಕಾರಣಿ, ಮಗ ಮಾತ್ರ ಕಣಕ್ಕೆ ಹೊಸಬ. ಮೇ 18ರಂದು ಪಕ್ಷದ ಹಿರಿಯರ ಬೆಂಬಲವಿದ್ದ ಟ್ರೇ ಗ್ರೇಸನ್ ಅವರನ್ನು ದೊಡ್ಡ ಅಂತರದಲ್ಲಿ ಸೋಲಿಸಿ ಸೆನೆಟ್‌ಗೆ ರಿಪಬ್ಲಿಕನ್ ಉಮೇದುವಾರರಾದರು. ಮರುದಿನ ರಾತ್ರಿ ರೇಚಲ್ ಮ್ಯಾಡೋ ಅವರ ಟಿವಿ ಕಾರ್ಯಕ್ರಮಕ್ಕೆ ಬಂದು ಕೂತರು. ಆಕೆ ಸುತ್ತಿ ಬಳಸಿ ಕೇಳಿದ್ದು ಒಂದೇ ಪ್ರಶ್ನೆ: ಖಾಸಗಿ ಹೋಟೆಲಿನವನು ಕಪ್ಪು ಜನರಿಗೆ ಒಳಗೆ ಜಾಗ ಇಲ್ಲ ಎನ್ನಬಹುದೇ?

ಹಾಗೆ ಎನ್ನಕೂಡದು ಎಂದು 1964ರ ನಾಗರಿಕ ಹಕ್ಕುಗಳ ಕಾಯ್ದೆ ಹೇಳಿತ್ತು. ಪಾಲ್ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಜನಾಂಗ ಭೇದ ತಮಗೆ ಹೇಸಿಗೆ, ಸರ್ಕಾರಿ ಜಾಗಗಳಲ್ಲಿ ಅದನ್ನು ತೊಡೆದದ್ದು ಸರಿಯೇ, ಆದರೆ ಖಾಸಗಿ ಮಾಲೀಕನ ಮೇಲೆ ಕಾನೂನು ಹೇರುವುದರ ಬಗ್ಗೆ ಪ್ರಶ್ನೆಗಳಿವೆ ಎಂದರು. ಯಾರನ್ನು ಒಳಗೆ ಬಿಡಬೇಕೆಂದು ಸರ್ಕಾರ ಹೇಳುವುದಾದರೆ, ಬಂದೂಕು ತರಬೇಡಿ ಎನ್ನುವ ಹಕ್ಕಾದರೂ ಹೋಟೆಲಿನವನಿಗೆ ಉಳಿಯುತ್ತದೆಯೇ ಎಂದೂ ತಿರುಗಿ ಕೇಳಿದರು. ದೇಶವೆಲ್ಲ ಗದ್ದಲವಾಯಿತು. ಒಂದೇ ದಿನದೊಳಗೆ, ಆಗ ನಾನಿದ್ದಿದ್ದರೆ ಕಾಯ್ದೆಯ ಪರವೇ ಮತ ಹಾಕುತ್ತಿದ್ದೆ ಎಂದು ಹೇಳಿಕೆ ಕೊಟ್ಟರು. ನವೆಂಬರ್‌ನಲ್ಲಿ ಗೆದ್ದೂ ಬಿಟ್ಟರು.

ನಾನು ಆಗ ಒಂದು ದಿನಪತ್ರಿಕೆಯ ವಿದೇಶ ಪುಟ ನೋಡಿಕೊಳ್ಳುತ್ತಿದ್ದೆ. ಗಾಳಿ ಬಂದ ಕಡೆ ತೂರಿಕೊಳ್ಳುವ ರಾಜಕಾರಣಿಗಳನ್ನೇ ನೋಡಿ ಬೇಸತ್ತವನಿಗೆ, ವೋಟು ಹೋದರೂ ಸರಿ ತತ್ವ ಬಿಡೆ ಎನ್ನುವ ಹೊಸಬ ಕಂಡ. ಅಷ್ಟು ಸಾಕಾಯಿತು. ಆತ ಜನಾಂಗದ್ವೇಷಿ ಅಲ್ಲ, ಮಾಲೀಕನ ಸ್ವಾತಂತ್ರ್ಯದ ಪ್ರಶ್ನೆ ಎತ್ತುತ್ತಿದ್ದಾನೆ ಅಷ್ಟೇ ಎಂದು ಬರೆದೆ. ಗಿರಾಕಿಗಳನ್ನು ಹೊರಗೆ ನಿಲ್ಲಿಸುವ ಅಂಗಡಿಯನ್ನು ಕಾನೂನು ಬೇಕಿಲ್ಲ, ಮಾರುಕಟ್ಟೆಯೇ ಮುಚ್ಚಿಸುತ್ತದೆ ಎಂದು ನನ್ನ ಕಡೆಯಿಂದಲೂ ಒಂದು ಮಾತು ಸೇರಿಸಿದೆ. ಆ ವಾಕ್ಯ ಬರೆದಾಗ ಆದ ಖುಷಿ ಇನ್ನೂ ನೆನಪಿದೆ.

ವಾರದೊಳಗೆ ಕೋಲಾರದ ಕಡೆಯಿಂದ ಒಂದು ಇನ್‌ಲ್ಯಾಂಡ್ ಪತ್ರ ಬಂತು. ನಿವೃತ್ತ ಮೇಷ್ಟರೊಬ್ಬರದು, ಗುಂಡಗಿನ ಅಕ್ಷರ. ಮೊದಲ ಪ್ಯಾರಾದಲ್ಲಿ ಲೇಖನದ ಶೈಲಿಗೆ ಮೆಚ್ಚುಗೆ. ಎರಡನೆಯದರಲ್ಲಿ ತಾವು ಹೈಸ್ಕೂಲು ಓದುವಾಗ ಟೀ ಕುಡಿದ ಹೋಟೆಲಿನ ವಿಷಯ. ತಮ್ಮ ಕೇರಿಯವರ ಲೋಟ ಸೂರಿನ ಗರಿಗೆ ಸಿಕ್ಕಿಸಿರುತ್ತಿತ್ತಂತೆ. ತೆಗೆದು ತೊಳೆದುಕೊಂಡು ಹಿಡಿಯಬೇಕು, ಮೇಲಿಂದ ಹುಯ್ಯುತ್ತಾರೆ, ಕುಡಿದು ಮತ್ತೆ ತೊಳೆದು ಸಿಕ್ಕಿಸಬೇಕು. ಕೊನೆಗೆ ಒಂದು ಪ್ರಶ್ನೆ: ನಿಮ್ಮ ಲೇಖನದ ತುಂಬ ಮಾಲೀಕ ಇದ್ದಾನೆ, ಹೊರಗೆ ನಿಂತು ಕುಡಿದವನು ಯಾವ ಸಾಲಿನಲ್ಲಿದ್ದಾನೆ ಸ್ವಾಮಿ?

ಮೊದಲ ಪ್ಯಾರಾ ವಾಚಕರ ವಾಣಿಯಲ್ಲಿ ಅಚ್ಚಾಯಿತು. ಎರಡನೆಯದರ ಮೇಲೆ ‘ವಿಷಯಾಂತರ’ ಎಂದು ಕೆಂಪು ಪೆನ್ನಿನಲ್ಲಿ ಬರೆದು ಗೀಟು ಎಳೆದವನು ನಾನೇ.

ವಿಷಯಾಂತರ ಅಲ್ಲ ಅಂತ ನನಗೆ ಗೊತ್ತಿತ್ತು. ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಕ್ಕಿಲ್ಲ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ನಮ್ಮ ಸೋದರಮಾವನ ಹೋಟೆಲಿತ್ತು. ಬೇಸಿಗೆ ರಜೆಯಲ್ಲಿ ಗಲ್ಲಾದ ಮೇಲೆ ಕೂರುವ ಕೆಲಸ ನನ್ನದು. ಒಳಗೆ ಸ್ಟೀಲು ಲೋಟ. ಹಿತ್ತಲ ಕಿಟಕಿಯ ಆಚೆ ಮೊಳೆಗೆ ನೇತುಹಾಕಿದ ಅಲ್ಯೂಮಿನಿಯಂ ಲೋಟಗಳು, ಒಂದರ ಅಂಚು ಚಪ್ಪಟೆಯಾಗಿತ್ತು. ಆಚೆಯವರು ಚಿಲ್ಲರೆಯನ್ನು ಕಿಟಕಿಯ ಕಲ್ಲಿನ ಮೇಲಿಡುತ್ತಿದ್ದರು. ಅದರ ಮೇಲೆ ನೀರು ಚಿಮುಕಿಸಿ ನಾನು ತೆಗೆದುಕೊಳ್ಳಬೇಕು. ಗಲ್ಲಾಕ್ಕೆ ಬಿದ್ದ ಮೇಲೆ ಆ ಹಣಕ್ಕೆ ಯಾವ ಮೈಲಿಗೆಯೂ ಇರಲಿಲ್ಲ. ಇದು ಎಪ್ಪತ್ತರ ದಶಕದ ಕೊನೆಯ ಮಾತು. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ ಎಂದು ಹೆಸರು ಹಿಡಿದೇ ಹೇಳಿ ಕಾಲು ಶತಮಾನ ಕಳೆದಿತ್ತು. 1955ರಲ್ಲಿ ಅಸ್ಪೃಶ್ಯತೆಯನ್ನು ಅಪರಾಧವೆಂದು ಶಿಕ್ಷೆ ಗೊತ್ತುಮಾಡಿದ ಕಾಯ್ದೆಯೂ ಬಂದಿತ್ತು.

ಒಂದು ಸಲ ಕೇಳಿದ್ದಕ್ಕೆ ಮಾವ ಹೇಳಿದ್ದು ಹೀಗೆ: ‘ನಮ್ಮ ಹೋಟ್ಲು, ನಮ್ಮಿಷ್ಟ ಕಣೋ.’ ಸ್ವಲ್ಪ ಹೊತ್ತು ಬಿಟ್ಟು, ದನಿ ತಗ್ಗಿಸಿ, ‘ನಾನೊಬ್ನೇ ಒಳಗೆ ಕೂರಿಸಿದ್ರೆ ಮಿಕ್ಕೋರು ನಾಳೆಯಿಂದ ಎದುರು ಹೋಟ್ಲಿಗೆ ಹೋಗ್ತಾರೆ.’ ಮಾರುಕಟ್ಟೆ ಮುಚ್ಚಿಸುತ್ತದೆ ಎಂದು ನಾನು ಬರೆದದ್ದಕ್ಕೆ ಉತ್ತರ ಈ ಎರಡನೇ ಮಾತಿನಲ್ಲೇ ಇತ್ತು. ಮಾರುಕಟ್ಟೆಗೆ ಬೇಕಾಗಿದ್ದದ್ದೇ ಆ ಹಿತ್ತಲ ಕಿಟಕಿ. ಊರಿನ ಎಲ್ಲ ಹೋಟೆಲಿನಲ್ಲೂ ಅದೇ ಪದ್ಧತಿ ಇದ್ದಾಗ ಬೇಡವೆಂದವನು ಹೋಗುವುದೆಲ್ಲಿಗೆ? ಮಾವನಿಗೂ ನಿಜವಾಗಿ ಇಷ್ಟ ಎನ್ನುವುದೇನೂ ಇರಲಿಲ್ಲ. ಎದುರು ಹೋಟೆಲಿನವನಿಗೂ ಅದೇ ನಿಯಮ ಎಂದು ಪೊಲೀಸರು ಬಂದು ಹೇಳಿದ್ದರೆ ಬೈದುಕೊಳ್ಳುತ್ತಲೇ ನಿರಾಳವಾಗುತ್ತಿದ್ದರೋ ಏನೋ. ಅವರನ್ನು ಬಚಾವು ಮಾಡಲಿಕ್ಕೆ ಇದನ್ನು ಹೇಳುತ್ತಿಲ್ಲ. ಲೋಟ ಅವರೇ ತೂಗುಹಾಕಿದ್ದು, ನೀರು ನಾನೇ ಚಿಮುಕಿಸಿದ್ದು.

ಲೇಖನ ಬರೆದಾಗ ಓದಬೇಕಿದ್ದ ತೀರ್ಪನ್ನು ಆಮೇಲೆ ಓದಿದೆ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನ ಆಲೀಸ್ ಬಾರ್ಬೆಕ್ಯೂ ಶುರುವಾದದ್ದು 1927ರಲ್ಲಿ. ಅಂಬೇಡ್ಕರ್ ಮಹಾಡಿನ ಕೆರೆಯ ನೀರು ಮುಟ್ಟಿದ್ದೂ ಅದೇ ವರ್ಷ. 220 ಜನ ಕೂರಬಹುದಾದ ಹೋಟೆಲು. 36 ಜನ ಕೆಲಸಗಾರರಲ್ಲಿ ಮೂರನೇ ಎರಡು ಪಾಲು ಕಪ್ಪು ಜನ. ಕಪ್ಪು ಗಿರಾಕಿಗೆ ಮಾತ್ರ ಒಳಗೆ ಜಾಗವಿಲ್ಲ. ಪಾರ್ಸಲ್ ಉಂಟು! ಅಡಿಗೆ ಮಾಡುವ ಕೈ ಆಗುತ್ತದೆ, ಕೊಡುವ ದುಡ್ಡು ಆಗುತ್ತದೆ, ಕುರ್ಚಿ ಮಾತ್ರ ಆಗುವುದಿಲ್ಲ. 1960ರ ಫೆಬ್ರವರಿ 1ರಂದು ಉತ್ತರ ಕೆರೊಲಿನಾದ ಗ್ರೀನ್ಸ್‌ಬರೋದಲ್ಲಿ ನಾಲ್ವರು ವಿದ್ಯಾರ್ಥಿಗಳು ತೋರಿಸಿಕೊಟ್ಟದ್ದೂ ಇದನ್ನೇ. ವೂಲ್‌ವರ್ತ್ ಅಂಗಡಿಯ ಒಂದು ಕೌಂಟರಿನಲ್ಲಿ ಟೂತ್‌ಪೇಸ್ಟ್ ಕೊಂಡರು, ಇನ್ನೊಂದರಲ್ಲಿ ಕೂತು ಕಾಫಿ ಕೇಳಿದರು. ಟೂತ್‌ಪೇಸ್ಟ್ ಸಿಕ್ಕಿತು, ಕಾಫಿ ಸಿಗಲಿಲ್ಲ.

1964ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆಲೀಸ್ ಹೋಟೆಲಿನ ವಿರುದ್ಧ ಕೊಟ್ಟ ತೀರ್ಪು ನಿಂತದ್ದು ಮಾಂಸದ ಲೆಕ್ಕದ ಮೇಲೆ. ಖಾಸಗಿಯವರನ್ನು ಕೇಂದ್ರ ಸರ್ಕಾರ ನೇರವಾಗಿ ಕಟ್ಟಿಹಾಕುವಂತಿಲ್ಲ ಎಂದು 1883ರಲ್ಲೇ ಅದೇ ಕೋರ್ಟು ಹೇಳಿಬಿಟ್ಟಿತ್ತು. ಹಾಗಾಗಿ ರಾಜ್ಯ-ರಾಜ್ಯಗಳ ನಡುವಿನ ವ್ಯಾಪಾರದ ದಾರಿ ಹಿಡಿಯಬೇಕಾಯಿತು. ಆ ಹೋಟೆಲಿಗೆ ವರ್ಷದಲ್ಲಿ 69,683 ಡಾಲರಿನ ಮಾಂಸ ಬೇರೆ ರಾಜ್ಯಗಳಿಂದ ಬರುತ್ತಿತ್ತು, ಆದ್ದರಿಂದ ಕಾನೂನು ಅನ್ವಯ. ಮನುಷ್ಯನನ್ನು ಒಳಗೆ ಕೂರಿಸಲು ದನ-ಹಂದಿಯ ಮಾಂಸ ಸಾಕ್ಷಿ ಹೇಳಬೇಕಾಯಿತು. ನಮ್ಮ ಸಂವಿಧಾನ ಬರೆದವರು ಹೋಟೆಲನ್ನು ಹೆಸರಿಸಿಯೇ ಬರೆದರು. ಅವರಿಗೆ ಹೊರಗಿನ ಲೋಟ ಗೊತ್ತಿತ್ತು.

ಪಾಲ್ ಹೇಳಿದ ವಾದದಲ್ಲಿ ಸುಳ್ಳಿತ್ತೆಂದು ಈಗಲೂ ನನಗೆ ಅನ್ನಿಸುವುದಿಲ್ಲ. ಆತ ಕೂತ ಕಡೆಯಿಂದ ಮಾಲೀಕ ಮಾತ್ರ ಕಾಣುತ್ತಿದ್ದ. ನಾನು ಕೂತಿದ್ದು ಗಲ್ಲಾದ ಮೇಲೆ, ಕಿಟಕಿ ಪಕ್ಕದಲ್ಲೇ ಇತ್ತು. ಹಾಗಾಗಿ ನನ್ನ ಲೇಖನಕ್ಕೆ ಆ ರಿಯಾಯಿತಿಯೂ ಸಲ್ಲುವುದಿಲ್ಲ.

2013ರ ಏಪ್ರಿಲ್‌ನಲ್ಲಿ ಪಾಲ್ ವಾಷಿಂಗ್ಟನ್‌ನ ಹೊವಾರ್ಡ್ ವಿಶ್ವವಿದ್ಯಾಲಯಕ್ಕೆ, ಕಪ್ಪು ವಿದ್ಯಾರ್ಥಿಗಳ ಮುಂದೆ ಮಾತಾಡಲು ಹೋದರು. ನಾಗರಿಕ ಹಕ್ಕುಗಳ ಕಾಯ್ದೆಗೆ ತಾವು ಯಾವತ್ತೂ ವಿರೋಧಿಯಾಗಿರಲಿಲ್ಲ ಎಂದರು. ಸುದ್ದಿ ನನ್ನ ಟೇಬಲ್ಲಿಗೇ ಬಂತು. ಈ ಸಲ ಲೇಖನ ಆ ಮೇಷ್ಟರಿಂದ ಬರೆಸೋಣ ಎಂದು ಮೀಟಿಂಗಿನಲ್ಲಿ ಹೇಳಿದೆ. ‘ಅವರು ಬರೆದರೆ ಬರೀ ಜಾತಿ ವಿಷಯ ಆಗುತ್ತೆ, ಅಮೆರಿಕ ಎಲ್ಲಿ ಬರುತ್ತೆ?’ ಎಂದರು ಒಬ್ಬರು. ಉಳಿದವರು ಮುಂದಿನ ಸುದ್ದಿಗೆ ಹೋದರು. ನಾನೂ ಪಟ್ಟು ಹಿಡಿಯಲಿಲ್ಲ. ಏಜೆನ್ಸಿಯ ಕಾಪಿಯನ್ನು ಒಂದು ಕಾಲಂಗೆ ಇಳಿಸಿ ಕಳಿಸಿದೆ.