ವಿಷಾದವು ವೈರಾಗ್ಯವಲ್ಲ

ಭಾದ್ರಪದ ಶುಕ್ಲ ಪಂಚಮಿಯಂದು ಆರಂಭವಾಗುವ ದಶಲಕ್ಷಣ ಪರ್ವದಿಂದ ಆಶ್ವಯುಜ ಅಮಾವಾಸ್ಯೆಯ ವೀರನಿರ್ವಾಣೋತ್ಸವದವರೆಗಿನ ಸುಮಾರು ಎರಡು ತಿಂಗಳು ಶ್ರಾವಕ ಕುಟುಂಬಗಳಿಗೆ ಪರ್ವಕಾಲ. ಬಸದಿಗಳಲ್ಲಿ ಅಭಿಷೇಕ, ಪೂಜೆ, ಪ್ರವಚನ. ಮನೆಗಳಲ್ಲಿ ನೋಂಪಿ, ವ್ರತ, ಅತಿಥಿ ಸತ್ಕಾರ. ಈ ಸಂಭ್ರಮದ ನಡುವೆಯೇ ಕೆಲವರ ಮನಸ್ಸು ಕುಗ್ಗಿಹೋಗುತ್ತದೆ. ಆ ವರ್ಷ ಪತಿಯನ್ನೋ ಪತ್ನಿಯನ್ನೋ ಕಳೆದುಕೊಂಡವರು. ಮಕ್ಕಳೆಲ್ಲ ಪರದೇಶದಲ್ಲಿದ್ದು ಹಬ್ಬದ ದಿನವೂ ಎರಡೇ ಎಲೆ ಹಾಕಿಕೊಳ್ಳುವ ವೃದ್ಧ ದಂಪತಿಗಳು. ಹೋದ ವರ್ಷ ಪ್ರಥಮ ಕಲಶದ ಸವಾಲು ಹಿಡಿದು, ಈ ವರ್ಷ ವ್ಯಾಪಾರ ಕುಸಿದುದರಿಂದ ಕಂಬದ ಮರೆಯಲ್ಲಿ ಕುಳಿತ ವರ್ತಕ. ಸೂರ್ಯಾಸ್ತದೊಳಗೆ ಇಡೀ ಮನೆಯ ಊಟ ಮುಗಿಸುವ ಹೊಣೆ ಹೊತ್ತು ತಾನೊಂದು ಪ್ರವಚನವನ್ನೂ ಪೂರ್ತಿ ಕೇಳಲಾಗದ ಗೃಹಿಣಿ. ಇವರೆಲ್ಲರಿಗೂ ದುಃಖದ ಜೊತೆಗೆ ಮತ್ತೊಂದು ಭಾರವಿದೆ. ಅದು ಲಜ್ಜೆಯ ಭಾರ. ಎಲ್ಲರೂ ಧರ್ಮಾನಂದದಲ್ಲಿರುವಾಗ ತಮ್ಮ ಮನಸ್ಸು ಮಾತ್ರ ಹೀಗೇಕೆ ಎಂಬ ಪ್ರಶ್ನೆ ಅವರನ್ನು ಬಾಧಿಸುತ್ತದೆ.

ಶಾಸ್ತ್ರವನ್ನು ಬಲ್ಲವರು ಈ ಲಜ್ಜೆಗೆ ಕಾರಣವಿಲ್ಲವೆಂದು ಹೇಳಬಲ್ಲರು. ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಬೇಡವಾದುದು ಬಂದಾಗ ಅದು ತೊಲಗಲೆಂದು, ಬೇಕಾದುದು ಅಗಲಿದಾಗ ಅದು ಮರಳಲೆಂದು, ರೋಗವೇದನೆ ನೀಗಲೆಂದು, ಮುಂದೆ ಭೋಗ ದೊರೆಯಲೆಂದು ಮನಸ್ಸು ಒಂದೇ ಎಡೆಯಲ್ಲಿ ಸುತ್ತುತ್ತಿರುವುದು ಆರ್ತಧ್ಯಾನ. ಇಂಥ ಧ್ಯಾನವು ಅವಿರತರಿಗೂ ದೇಶವಿರತರಿಗೂ ಮಾತ್ರವಲ್ಲ, ಆರನೆಯ ಗುಣಸ್ಥಾನದಲ್ಲಿರುವ ಪ್ರಮತ್ತಸಂಯತ ಮುನಿಗಳಿಗೂ ಉಂಟಾಗಬಹುದೆಂದು ಸೂತ್ರವೇ ಹೇಳುತ್ತದೆ. ನಿದಾನವೊಂದು ಮಾತ್ರ ಅವರಿಗಿಲ್ಲವೆಂದು ಟೀಕಾಕಾರರು ವಿವರಿಸುತ್ತಾರೆ. ಗೃಹಸ್ಥನಾದರೋ ಐದನೆಯ ಗುಣಸ್ಥಾನವನ್ನು ಮೀರಲಾರ. ಮಹಾವ್ರತಿಗಳಿಗೂ ತಪ್ಪದ ಮನೋವ್ಯಥೆಯನ್ನು ಅಂಗಡಿ, ಮನೆ, ಮಕ್ಕಳ ನಡುವೆ ಬದುಕುವವರು ಅನುಭವಿಸಿದರೆ ಅದನ್ನು ಶ್ರದ್ಧೆಯ ಕೊರತೆ ಎನ್ನಲಾಗದು.

ಆದರೆ ಬಂಧುಗಳು ಹಲವು ವೇಳೆ ಬೇರೆ ಮಾತನ್ನಾಡುತ್ತಾರೆ. ಶೋಕವು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣ, ಆದುದರಿಂದ ಅಳಬಾರದು ಎಂದು ದುಃಖಿತರನ್ನೇ ಗದರಿಸುತ್ತಾರೆ. ಸೂತ್ರದ ಅರ್ಧವನ್ನು ಮಾತ್ರ ನೆನಪಿಟ್ಟವರ ಮಾತಿದು. ತನ್ನಲ್ಲಿ ಉಂಟುಮಾಡಿಕೊಂಡ ದುಃಖದಂತೆಯೇ ಪರರಲ್ಲಿ ಉಂಟುಮಾಡಿದ ದುಃಖವೂ ಅದೇ ಆಸ್ರವಕ್ಕೆ ಕಾರಣವೆಂಬುದು ಅಲ್ಲಿಯೇ ಇದೆ. ನೊಂದವರನ್ನು ಗದರಿಸಿದವರ ಖಾತೆಯೂ ಬರಿದಾಗಿ ಉಳಿಯುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯವೆಂದರೆ ವಿಷಾದವನ್ನು ವೈರಾಗ್ಯವೆಂದು ಭ್ರಮಿಸುವುದು. ಹೊರನೋಟಕ್ಕೆ ಎರಡೂ ಒಂದೇ ತೆರನಾಗಿ ಕಾಣುತ್ತವೆ: ಊಟದಲ್ಲಿ ಆಸಕ್ತಿಯಿಲ್ಲ, ಮಾತಿಲ್ಲ, ಸಂಸಾರದ ವಿಷಯ ಬೇಕಿಲ್ಲ. ಸಣ್ಣ ಪಟ್ಟಣವೊಂದರಲ್ಲಿ, ಪತ್ನೀವಿಯೋಗವಾಗಿ ಏಳು ತಿಂಗಳಾಗಿದ್ದ ಗೃಹಸ್ಥರೊಬ್ಬರು ಪರ್ವದ ಹತ್ತೂ ದಿನ ಉಪವಾಸದ ವ್ರತ ಹಿಡಿದರು. ಸಮಾಜವು ಅವರ ತ್ಯಾಗವನ್ನು ಕೊಂಡಾಡಿ ಸನ್ಮಾನಕ್ಕೆ ಸಿದ್ಧತೆ ನಡೆಸಿತು. ಐದನೆಯ ದಿನ ತವರಿಗೆ ಬಂದ ತಂಗಿ ಮಾತ್ರ ಬೇರೊಂದನ್ನು ಗಮನಿಸಿದಳು. ಅಣ್ಣ ಸಾಮಾಯಿಕಕ್ಕೆ ಕುಳಿತಿರಲಿಲ್ಲ, ಗ್ರಂಥವನ್ನು ತೆರೆದಿರಲಿಲ್ಲ, ಗೋಡೆಗೆ ಮುಖ ಮಾಡಿ ಮಲಗಿದ್ದರು. “ಅಣ್ಣಾ, ಇದು ವ್ರತವೇ?” ಎಂದು ಆಕೆ ಕೇಳಿದಾಗ, “ನಾನಿದ್ದು ಯಾರಿಗೇನು ಆಗಬೇಕಾಗಿದೆ?” ಎಂಬ ಉತ್ತರ ಬಂದಿತು. ಆಕೆ ಚಾತುರ್ಮಾಸಕ್ಕೆ ನೆಲೆಸಿದ್ದ ಮುನಿಗಳ ಬಳಿಗೆ ಹೋಗಿ ನಡೆದುದನ್ನು ನಿವೇದಿಸಿದಳು. ಅಂದೇ ಪಾರಣೆಯಾಗಬೇಕು, ವ್ರತಭಂಗಕ್ಕೆ ಪ್ರಾಯಶ್ಚಿತ್ತವುಂಟು, ಆದರೆ ಮೊದಲು ವೈದ್ಯರನ್ನು ಕಾಣಬೇಕು ಎಂದು ಅವರು ಅಪ್ಪಣೆ ಕೊಡಿಸಿದರು. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯಿತು. ಮರುವರ್ಷ ಆ ಗೃಹಸ್ಥರು ಏಕಾಶನ ಮಾತ್ರ ಮಾಡಿ, ಪ್ರತಿದಿನ ಸ್ವಾಧ್ಯಾಯಕ್ಕೆ ಬಂದು ಕುಳಿತರು.

ಉಪವಾಸಕ್ಕೆ ಕುಳಿತವರನ್ನು ಎಷ್ಟು ದಿನವಾಯಿತೆಂದು ಕೇಳುವ ಮೊದಲು, ಮನಸ್ಸು ಹೇಗಿದೆಯೆಂದು ಕೇಳಬೇಕು. ವೈರಾಗ್ಯವುಳ್ಳವರಲ್ಲಿ ಶಾಂತಿಯೂ ಜೀವದಯೆಯೂ ಹೆಚ್ಚುತ್ತವೆ. ವಿಷಾದದಲ್ಲಿ ತನ್ನ ಬಗೆಗೇ ತಿರಸ್ಕಾರ ಬೆಳೆಯುತ್ತದೆ. ಎರಡು ವಾರಕ್ಕೂ ಮಿಕ್ಕಿ ದಿನದ ಬಹುಭಾಗ ಮನಸ್ಸು ಕುಗ್ಗಿದ್ದು, ನಿದ್ರೆ, ಹಸಿವು, ಆಸಕ್ತಿಗಳು ಕುಂದಿದ್ದರೆ ವೈದ್ಯರು ಅದನ್ನು ಖಿನ್ನತೆಯೆಂಬ ರೋಗವೆಂದು ಪರಿಗಣಿಸುತ್ತಾರೆ. ಅದು ಚಿಕಿತ್ಸೆಗೆ ಬಗ್ಗುವ ರೋಗ. ಈಗಾಗಲೇ ಮಾತ್ರೆ ಸೇವಿಸುತ್ತಿರುವವರು ರಾತ್ರಿಭೋಜನ ತ್ಯಾಗದ ನಿಮಿತ್ತ ಅದನ್ನು ಥಟ್ಟನೆ ನಿಲ್ಲಿಸಬಾರದು. ಪರ್ವಕ್ಕೆ ಮುಂಚೆಯೇ ವೈದ್ಯರನ್ನು ಕಂಡು ಹೊತ್ತನ್ನು ಬದಲಿಸಿಕೊಳ್ಳಬಹುದೇ ಎಂದು ವಿಚಾರಿಸಬೇಕು. ಲಿಥಿಯಂ ಮಾತ್ರೆ ಸೇವಿಸುವವರು ನೀರನ್ನೂ ಬಿಟ್ಟು ಉಪವಾಸ ಮಾಡಿದರೆ ರಕ್ತದಲ್ಲಿ ಅದರ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ, ತಪಸ್ಸುಗಳನ್ನು ‘ಶಕ್ತಿತಃ’ ಎಂಬ ವಿಶೇಷಣದೊಡನೆಯೇ ಹೇಳಿದೆ. ಶಕ್ತಿಯನ್ನರಿತು ಮಾಡುವುದೇ ಆಗಮದ ಆಜ್ಞೆ.

ಸಾಯುವ ಮಾತನ್ನಾಡುವವರ ವಿಷಯದಲ್ಲಂತೂ ಎಳ್ಳಷ್ಟೂ ಉದಾಸೀನ ಸಲ್ಲದು. ಸಲ್ಲೇಖನದ ಹೆಸರಿನಲ್ಲಿ ಇದನ್ನು ಸಮರ್ಥಿಸುವಂತೆಯೂ ಇಲ್ಲ. ಬೇಗ ಮರಣ ಬರಲೆಂಬ ಮರಣಾಶಂಸೆಯನ್ನು ಸಲ್ಲೇಖನದ ಐದು ಅತಿಚಾರಗಳಲ್ಲಿ ಒಂದೆಂದು ಶಾಸ್ತ್ರ ಎಣಿಸಿದೆ. ಅಂಥವರನ್ನು ಒಂಟಿಯಾಗಿ ಬಿಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಭಾರತ ಸರ್ಕಾರದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿಯೆನ್ನದೆ ಕರೆ ಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ಪಡೆಯಬಹುದು. ಬಸದಿಯ ಸೂಚನಾ ಫಲಕದಲ್ಲಿ ಪೂಜೆಯ ವೇಳಾಪಟ್ಟಿಯ ಪಕ್ಕದಲ್ಲಿ ಈ ಸಂಖ್ಯೆಯನ್ನೂ ಬರೆದಿಡುವುದು ಟ್ರಸ್ಟಿನವರಿಗೆ ಕಷ್ಟವೇನಲ್ಲ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಎರಡು ಇದರಿಂದ ಸಲ್ಲುತ್ತವೆ.

ಹನ್ನೆರಡು ತಪಸ್ಸುಗಳಲ್ಲಿ ಅನಶನವು ಬಾಹ್ಯ ತಪಸ್ಸು. ವೈಯಾವೃತ್ತ್ಯವು ಆಭ್ಯಂತರ ತಪಸ್ಸು. ರೋಗದಿಂದ ಬಳಲಿದ ‘ಗ್ಲಾನ’ರ ಸೇವೆ ಅದರಲ್ಲಿ ಸೇರಿದೆ. ಹಬ್ಬದ ಅಡುಗೆಯನ್ನು ಒಂದು ಬಗೆ ಕಡಿಮೆ ಮಾಡಿ ಗೃಹಿಣಿಯನ್ನು ಪ್ರವಚನಕ್ಕೆ ಕಳುಹಿಸುವುದು, ಸವಾಲು ಹಿಡಿಯಲಾಗದ ವರ್ತಕನಿಗೂ ಕರೆದು ಕಲಶ ಕೊಡುವುದು, ಇಬ್ಬರೇ ಇರುವ ವೃದ್ಧರ ಮನೆಗೆ ಮಧ್ಯಾಹ್ನ ಹೋಗಿ ಕುಳಿತುಬರುವುದು ಇವೆಲ್ಲ ವೈಯಾವೃತ್ತ್ಯದ ರೂಪಗಳೇ. ಕ್ಷಮಾವಾಣಿಯ ದಿನ ಊರಿಗೆಲ್ಲ ಕ್ಷಮೆಯ ಸಂದೇಶ ಕಳುಹಿಸುವವರು ಮೊದಲು ಮನೆಯೊಳಗೆ ಮೌನವಾಗಿರುವವರ ಬಳಿ ಕುಳಿತುಕೊಳ್ಳಲಿ.

ದೀಪಾವಳಿಯ ಮೂಲವನ್ನಾದರೂ ನೆನೆಯಬೇಕು. ಪಾವಾಪುರಿಯಲ್ಲಿ ಭಗವಾನ್ ಮಹಾವೀರರು ನಿರ್ವಾಣ ಹೊಂದಿದಾಗ ಬೆಳಗಿದ ದೀಪಗಳಿಂದ ಈ ಪರ್ವ ನಡೆದುಬಂದಿತೆಂದು 783ರಲ್ಲಿ ಪೂರ್ಣಗೊಂಡ ಜಿನಸೇನಾಚಾರ್ಯರ ಹರಿವಂಶಪುರಾಣ ತಿಳಿಸುತ್ತದೆ. ಅಗಲಿಕೆಯ ಹೊತ್ತಿನಲ್ಲಿಯೇ ಹುಟ್ಟಿದ ಹಬ್ಬದಲ್ಲಿ, ಅಗಲಿಕೆಯಿಂದ ನೊಂದ ಮನೆಯವರು ಸಿಹಿಯಡುಗೆ ಮಾಡದೆ, ಹೊಸಬಟ್ಟೆ ಉಡದೆ, ನಿರ್ವಾಣಪೂಜೆ ಸಲ್ಲಿಸಿ ಒಂದೇ ಹಣತೆ ಹಚ್ಚಿದರೂ ಧರ್ಮಕ್ಕೆ ಲೋಪವಿಲ್ಲ. ಆ ಹಣತೆ ಹಚ್ಚುವಾಗ ಅವರ ಪಕ್ಕದಲ್ಲಿ ಒಬ್ಬರು ನಿಂತಿರುವಂತೆ ನೋಡಿಕೊಳ್ಳುವುದು ಸಮಾಜದ ಕರ್ತವ್ಯ.