ರಾಡು ಹಾಕಿದ ಕಾಲು

ಮೂಳೆ ಮುರಿಯೋದು ನಮಗೇನೂ ಹೊಸದಲ್ಲ. ಅಂಬ್ಲಿಗೊಳದ ಸುತ್ತಮುತ್ತ, ಶಿಕಾರಿಪುರದ ಕಡೆಗಾಗಲಿ ಸೊರಬದ ಕಡೆಗಾಗಲಿ, ಕೂಲಿ ಮಾಡುವ ಯಾವ ಕೇರಿಗೆ ಹೋದರೂ ಕುಂಟುವ ಒಂದು ಕಾಲು ಕಾಣುತ್ತದೆ. ಅಡಿಕೆ ಕೊನೆ ಇಳಿಸಲು ಹತ್ತಿ ಮರದಿಂದ ಬಿದ್ದವರು, ಟ್ರ್ಯಾಕ್ಟರಿನ ಟ್ರೇಲರಿನಿಂದ ಉರುಳಿದವರು, ರಾತ್ರಿ ಬೈಕಿನಲ್ಲಿ ಹಂಪು ಕಾಣದೆ ಹಾರಿದವರು. ನಮ್ಮ ಅಜ್ಜಂದಿರ ಕಾಲಕ್ಕೆ ಬಿದಿರ ದಬ್ಬೆ ಕಟ್ಟಿ ಸೊಪ್ಪಿನ ಪಟ್ಟು ಹಾಕುವವರಿದ್ದರು. ಸೊಟ್ಟಗಾದರೂ ಮೂಳೆ ಕೂಡುತ್ತಿತ್ತು. ಈಗ ರಾಡು, ಪ್ಲೇಟು, ಸ್ಕ್ರೂ. ಒಳ್ಳೆಯದೇ. ರಾಡು ಹಾಕಿಸಿಕೊಂಡು ಮತ್ತೆ ಗದ್ದೆಗಿಳಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾವು ಹೇಳಹೊರಟಿರುವುದು ಇಳಿಯಲಾರದೆ ಉಳಿದವರ ಮಾತು.

ನಮ್ಮ ಕೇರಿಯ ಚಿಕ್ಕಪ್ಪ ಒಬ್ಬರು ಕೊನೆಗಾರರು. ಬಿದ್ದಾಗ ಮೂಳೆ ಚರ್ಮ ಹರಿದುಕೊಂಡು ಹೊರಗೆ ಬಂದಿತ್ತು, ತೋಟದ ಮಣ್ಣೆಲ್ಲ ಗಾಯದೊಳಗೆ. ಪಟ್ಟಣದ ಒಂದು ಆಸ್ಪತ್ರೆಯಲ್ಲಿ ರಾಡು ಹಾಕಿ, ಒಂದು ಚೀಲ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಹನ್ನೆರಡನೇ ದಿನಕ್ಕೆ ಬ್ಯಾಂಡೇಜಿನ ಮೇಲೆ ಹಳದಿ ಕಲೆ, ವಾಸನೆ. ಮೆಡಿಕಲ್ ಸ್ಟೋರಿನವ "ಇದು ಪವರ್ ಜಾಸ್ತಿ ಇರೋದು" ಅಂತ ಐದು ಮಾತ್ರೆ ಕೊಟ್ಟ. ಕೀವು ನಿಂತಿತು. ಮಾತ್ರೆ ಮುಗಿದ ವಾರಕ್ಕೆ ಮತ್ತೆ ಬಂತು. ಇನ್ನೊಂದು ಬಣ್ಣದ ಮಾತ್ರೆ. ಮತ್ತೆ ಬಂತು. ಎರಡು ತಿಂಗಳ ಮೇಲೆ ದೊಡ್ಡಾಸ್ಪತ್ರೆಗೆ ಹೊತ್ತುಕೊಂಡು ಹೋದರೆ ಡಾಕ್ಟರು ರೇಗಿದರು.

"ಏನಯ್ಯಾ, ಇಷ್ಟು ದಿನ ಏನ್ ಮಾಡ್ತಿದ್ರಿ?"

"ಸ್ವಾಮಿ, ಇಲ್ಲೀಗಂಟ ಬಂದ್ರೆ ನನ್ ಜೊತೆ ಬರೋರ ಕೂಲೀನೂ ಹೋಗುತ್ತೆ" ಅಂದರು ಚಿಕ್ಕಪ್ಪ.

ಅಲ್ಲಿ ಮೊದಲ ಸಲ ಕೀವನ್ನು ಲ್ಯಾಬಿಗೆ ಕಳಿಸಿದರು. ಯಾವ ಕ್ರಿಮಿ, ಯಾವ ಔಷಧಿಗೆ ಸಾಯುತ್ತದೆ ಅಂತ ತಿಳಿಯಲು ಎರಡು ಮೂರು ದಿನ ಬೇಕು. ಆ ಎರಡು ಮೂರು ದಿನ ಕಾಯದೆ ಎರಡು ತಿಂಗಳು ಕಳೆದಿದ್ದವು. ಮತ್ತೆ ಕೊಯ್ದು, ತೊಳೆದು, ವಾರಗಟ್ಟಲೆ ಇಂಜೆಕ್ಷನ್. ಚಿಕ್ಕಪ್ಪ ಈಗ ಮರದ ಬುಡದಲ್ಲಿ ಕೂತು ಅಡಿಕೆ ಹೆಕ್ಕುತ್ತಾರೆ. ಹತ್ತುವವನ ಕೂಲಿ ಬೇರೆ, ಹೆಕ್ಕುವವನ ಕೂಲಿ ಬೇರೆ.

ಮಾತ್ರೆ ಯಾಕೆ ಸೋತಿತು? ಅಂಬ್ಲಿಗೊಳದ ಡ್ಯಾಮಿನ ಕಲ್ಲಿಗೆ ನೀರು ತಾಗುವ ಕಡೆ ಪಾಚಿ ಕಟ್ಟಿರುತ್ತಲ್ಲ, ಕೊಡ ನೀರು ಸುರಿದರೆ ಹೋಗುತ್ತದೆಯೇ? ಉಜ್ಜಬೇಕು. ಮೈಯೊಳಗಿನ ಲೋಹದ ಮೇಲೂ ಕ್ರಿಮಿಗಳು ಹಾಗೇ ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ರಕ್ತದಲ್ಲಿ ಬಂದ ಔಷಧಿ ಮೇಲೆ ಮೇಲೆ ಹರಿದುಹೋಗುತ್ತದೆ, ಪದರದ ಅಡಿಯವು ಬದುಕಿಕೊಳ್ಳುತ್ತವೆ. ಅದಕ್ಕೇ ಲೋಹ ಹಾಕಿದ ಆಪರೇಷನ್ನಿಗೆ 90 ದಿನದವರೆಗೂ ಸೋಂಕಿನ ಮೇಲೆ ಕಣ್ಣಿಡಬೇಕು ಅನ್ನುತ್ತಾರೆ. ಆದರೆ ನಾವು ವಾರಕ್ಕೆಲ್ಲ ಮನೆಗೆ ಬಂದಿರುತ್ತೇವೆ. ಕೀವು ಬರುವುದು ನಮ್ಮ ಚಾಪೆಯ ಮೇಲೆ. ಆಸ್ಪತ್ರೆಯ ಪುಸ್ತಕದಲ್ಲಿ ಮಾತ್ರ ನಾವು ವಾಸಿಯಾಗಿ ಹೋದವರು.

ವಾರ್ಡಿನಲ್ಲಿ ನಮಗೆ ಬೀಳುವ ಮೊದಲ ಬೈಗುಳ, "ನೀವು ಕ್ಲೀನಾಗಿರಲ್ಲ, ಅದಕ್ಕೇ ಹೀಗಾಗೋದು." ಕೊಳಕು ಅನ್ನಿಸಿಕೊಂಡು ತಲೆಮಾರುಗಳೇ ಕಳೆದಿವೆ, ಮೈಲಿಗೆ ಅನ್ನುವ ಪದ ನಮಗೆ ಯಾರೂ ಕಲಿಸಬೇಕಿಲ್ಲ. ಆದರೆ ವಿಜ್ಞಾನ ಈ ಮೈಲಿಗೆಯನ್ನು ಹುಡುಕಿದ್ದು ಬೇರೆ ಕಡೆ. 1847ರಲ್ಲಿ ವಿಯೆನ್ನಾದಲ್ಲಿ ಸೆಮೆಲ್‌ವೈಸ್ ಎಂಬ ವೈದ್ಯ ಬಾಣಂತಿಯರ ಸಾವು ವೈದ್ಯರ ಕೈಯಿಂದಲೇ ಬರುತ್ತಿದೆ, ಕೈ ತೊಳೀರಿ ಅಂದ. ದೊಡ್ಡವರಿಗೆ ಸಿಟ್ಟು ಬಂತು. ಬರದೇ ಇರುತ್ತದೆಯೇ! 1865ರ ಆಗಸ್ಟ್‌ನಲ್ಲಿ ಗ್ಲಾಸ್ಗೋದಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬನ ಕಾಲಿನ ಮೇಲೆ ಗಾಡಿ ಚಕ್ರ ಹರಿದು ಮೂಳೆ ಮುರಿದು ಗಾಯವಾಗಿತ್ತು. ಅಂಥ ಕಾಲನ್ನು ಕತ್ತರಿಸುವುದೇ ಆಗಿನ ರೂಢಿ. ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದ ಬಟ್ಟೆ ಕಟ್ಟಿದ. ಕಾಲು ಉಳಿಯಿತು. ಅದು ನಮ್ಮ ಚಿಕ್ಕಪ್ಪನದೇ ಥರದ ಮುರಿತ ಅಂತ ಓದಿದಾಗ ನಾವು ಬಹಳ ಹೊತ್ತು ಸುಮ್ಮನೆ ಕೂತಿದ್ದೆವು.

ಕ್ರಿಮಿ ನಮ್ಮ ಚರ್ಮದ ಮೇಲೂ ಇದೆ, ಮೂಗಿನಲ್ಲೂ ಇದೆ, ಸುಳ್ಳಲ್ಲ. ಆಪರೇಷನ್ನಿಗೆ ಮುಂಚೆ ಸ್ನಾನ ಮಾಡಬೇಕು. ಸಕ್ಕರೆ ಕಾಯಿಲೆ ಇದ್ದರೆ, ಬೀಡಿ ಸೇದುತ್ತಿದ್ದರೆ ಸೋಂಕಿನ ಭಯ ಜಾಸ್ತಿ. ನಮ್ಮ ಪಾಲು ನಾವು ಮಾಡೋಣ. ಆದರೆ ಬ್ಲೇಡು ಹಿಡಿದು ಕೂದಲು ಹೆರೆಯಬೇಡಿ, ಚರ್ಮ ಗೀರಿ ಕ್ರಿಮಿಗೆ ದಾರಿಯಾಗುತ್ತದೆ, ತೆಗೆಯಲೇಬೇಕಾದರೆ ಕ್ಲಿಪ್ಪರಿನಲ್ಲಿ ಕತ್ತರಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಬ್ಲೇಡು ಹಿಡಿದವರು ನಾವಲ್ಲವಲ್ಲ.

ಅದೇ ಸಂಸ್ಥೆಯ ಇನ್ನೊಂದು ಮಾತು: ಸೋಂಕು ತಡೆಯುವ ಆಂಟಿಬಯಾಟಿಕ್ ಕೊಡುವುದಾದರೆ ಕೊಯ್ಯುವ ಮೊದಲಿನ 120 ನಿಮಿಷದೊಳಗೆ ಕೊಡಬೇಕು, ಆಪರೇಷನ್ ಮುಗಿದ ಮೇಲೆ ಬರೀ ತಡೆಗೆಂದು ಎಳೆಯಬಾರದು. ಮಣ್ಣು ಮೆತ್ತಿದ ತೆರೆದ ಮುರಿತದ ಲೆಕ್ಕ ಬೇರೆ, ಅಲ್ಲಿ ಆದಷ್ಟು ಬೇಗ ಔಷಧಿ ಶುರುವಾಗಬೇಕು, ಗಾಯ ಚೆನ್ನಾಗಿ ತೊಳೆಯಬೇಕು. ತೊಳೆಯುವುದಕ್ಕೆ ಬದಲು ಮಾತ್ರೆ ಅನ್ನುವ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಮಾತ್ರೆ ಚೀಲ ದಪ್ಪ ಇದ್ದಷ್ಟೂ ಡಾಕ್ಟರು ಒಳ್ಳೆಯವರು ಅಂತ ನಮ್ಮ ಕೇರಿ ನಂಬಿದೆ, ಆ ನಂಬಿಕೆಯಿಂದ ಬದುಕುವ ಅಂಗಡಿಗಳೂ ಇವೆ. ಬಲವಾದ ಹಲವು ಆಂಟಿಬಯಾಟಿಕ್‌ಗಳನ್ನು ಎಚ್1 ಪಟ್ಟಿಗೆ ಸೇರಿಸಿ, ಚೀಟಿ ಇಲ್ಲದೆ ಮಾರಬಾರದು, ಮಾರಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು ಅಂತ ಮಾಡಿದ ಕಾನೂನು 2014ರ ಮಾರ್ಚಿನಿಂದ ಜಾರಿಯಲ್ಲಿದೆ. 2019ರ ಒಂದೇ ವರ್ಷದಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜು.

ಪಕ್ಕದ ಸಾಗರ ತಾಲ್ಲೂಕಿನ ಹಂದಿಗೋಡನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. 1975ರ ಸುಮಾರಿಗೆ ಅಲ್ಲಿ ಬೆಳಕಿಗೆ ಬಂದ ಕೀಲುಮೂಳೆಯ ಕಾಯಿಲೆ ಹೆಚ್ಚಾಗಿ ಹಿಡಿದದ್ದು ಚನ್ನಂಗಿ, ಛಲವಾದಿ ಜನರನ್ನು. ಗದ್ದೆಯ ಏಡಿ ತಿಂದದ್ದಕ್ಕೆ ಬಂತು ಅಂತ ಮೊದಮೊದಲು ಹೇಳಿದರು, ಆಮೇಲೆ ವಂಶದಲ್ಲಿ ಬರುವುದು ಅಂತ ಗೊತ್ತಾಯಿತು. ಸೊಂಟದ ಕೀಲೇ ಸವೆದುಹೋದವರಿಗೆ ಕೃತಕ ಕೀಲು ಬಿಟ್ಟರೆ ಹೆಚ್ಚಿನ ದಾರಿಯಿಲ್ಲ. ಆ ಕೀಲಿಗೆ ಕೀವು ಹತ್ತಿದರೆ ಅದನ್ನು ತೆಗೆದು ಮತ್ತೆ ಹಾಕಬೇಕಾದೀತು. ಒಂದು ಸಲದ ಆಪರೇಷನ್ನಿಗೇ ವರ್ಷಗಟ್ಟಲೆ ಕಾದವರು ಎರಡನೆಯದಕ್ಕೆ ಎಲ್ಲಿಗೆ ಹೋಗಬೇಕು?

ಮೊನ್ನೆ ನಮ್ಮ ಕೇರಿಯ ಹುಡುಗನೊಬ್ಬನ ಕೈಗೆ ಪ್ಲೇಟು ಹಾಕುವ ಮುಂಚೆ ನಾವು ನಾಲ್ಕು ಜನ ಬಾಗಿಲಲ್ಲಿ ನಿಂತು ಕೇಳಿದೆವು: "ಅಕ್ಕಾರೇ, ಆ ಇಂಜೆಕ್ಷನ್ ಕೊಯ್ಯೋಕೆ ಮುಂಚೆ ಕೊಟ್ರೋ, ಆಮೇಲೆ ಕೊಡ್ತೀರೋ?" ಸಿಸ್ಟರ್ ಒಮ್ಮೆ ನಮ್ಮನ್ನು ನೋಡಿದರು. ಆಮೇಲೆ ಹಾಳೆ ತಿರುವಿ, ಕೊಟ್ಟ ಹೊತ್ತನ್ನು ಓದಿ ಹೇಳಿದರು.